ಕರಗಿಸುವ ಮೊದಲು ನೋಡಿ: ಕೊಡಗಿನ ಮಳೆಗಾಲದಲ್ಲಿ ಮೆತ್ತನೆ ರೋಬಾಟಿನ ದೋಷ ನಿವಾರಣೆ

ಮೆತ್ತನೆ ರೋಬಾಟ್ ಅಂದರೆ ಜೆಲಾಟಿನ್, ರಬ್ಬರಿನಂಥ ಮೆತ್ತನೆ ವಸ್ತುವಿನಿಂದ ಮಾಡಿ, ಗಾಳಿ ತುಂಬಿಯೋ ಎಳೆದೋ ಆಡಿಸುವ ಯಂತ್ರ. ಅದರ ಜೆಲಾಟಿನ್ ಬೆರಳು ಬಾಗುತ್ತಿಲ್ಲ ಅಂದ ಕೂಡಲೇ ಅದನ್ನು ಕತ್ತರಿಸಿ, ಪಾತ್ರೆಗೆ ಹಾಕಿ, ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯುವವರೇ ಜಾಸ್ತಿ. ಸಾಮಾನು ಹಾಳಾಗುವುದಿಲ್ಲವಲ್ಲ, ಇನ್ನೊಂದು ಮಾಡಿದರಾಯಿತು ಅನ್ನುವ ಧೈರ್ಯ. ಆದರೆ ಕರಗಿದ ಮೇಲೆ ದೋಷದ ಗುರುತೂ ಉಳಿಯುವುದಿಲ್ಲ. ತೂತು ಎಲ್ಲಿತ್ತು, ಗೋಡೆ ಎಲ್ಲಿ ತೆಳುವಾಗಿತ್ತು, ಬೆರಳಿಗೆ ಹಾಸಿದ ಬಟ್ಟೆ ಎಲ್ಲಿ ಬಿಟ್ಟುಕೊಂಡಿತ್ತು, ಒಂದೂ ಗೊತ್ತಾಗುವುದಿಲ್ಲ. ಹೊಸ ಬೆರಳೂ ಅದೇ ಜಾಗದಲ್ಲಿ ಕೈಕೊಡುತ್ತದೆ. ಎಷ್ಟೋ ಸಲ ಬೆರಳಲ್ಲಿ ಏನೂ ಕೆಟ್ಟಿರುವುದಿಲ್ಲ, ಟ್ಯೂಬ್ ಸೇರುವ ಜಾಗ ಮಾತ್ರ ಸೋರುತ್ತಿರುತ್ತದೆ.

ಹಾಗಾಗಿ ಇಲ್ಲಿನ ಕ್ರಮ ಹೀಗೆ: ಮೊದಲು ಜೋಡಣೆ, ಆಮೇಲೆ ಗಾಳಿ, ಆಮೇಲೆ ತೇವ, ಎಲ್ಲಕ್ಕಿಂತ ಕೊನೆಗೆ ಬೆರಳಿನ ಹೊಟ್ಟೆ ಸೀಳುವುದು.

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಇಂಥವನ್ನು ಕಟ್ಟುವವರ ಕೈಗೆ ಸುಲಭವಾಗಿ ಸಿಗುವ ಸಾಮಾನನ್ನೇ ಇಟ್ಟುಕೊಂಡು ಬರೆದಿದ್ದೇನೆ. ಜೆಲಾಟಿನ್ ಮತ್ತು ಗ್ಲಿಸರಿನ್, ಹಳೆ ಸೈಕಲ್ ಟ್ಯೂಬ್, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್, ಬಲೂನು, ತೋಟದ ಹನಿ ನೀರಾವರಿಯ ಸಣ್ಣ ಪೈಪು, ಮೂಲೆಗೆ ಬಿದ್ದ ಬಿಪಿ ಮಾಪಕ, ಕಾಫಿ ಪುಡಿ. ಇವುಗಳಿಂದ ನಾಲ್ಕು ಬಗೆಯ ಮಾಡ್ಯೂಲ್ ಆಗುತ್ತದೆ. ಪಂಪ್, ವಾಲ್ವ್, ಅವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಗಾಳಿ ಪೆಟ್ಟಿಗೆ. ಗಾಳಿ ತುಂಬಿದರೆ ಬಾಗುವ ಬೆರಳು. ಗಾಳಿ ತುಂಬಿದರೆ ಕುಗ್ಗುವ ಸ್ನಾಯು. ಗಾಳಿ ಎಳೆದರೆ ಗಟ್ಟಿಯಾಗಿ ವಸ್ತುವನ್ನು ಹಿಡಿಯುವ ಕಾಫಿ ಹಿಡಿಕೆ. ಒಂದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು ಅನ್ನುವುದೇ ಮಾಡ್ಯೂಲಿನ ಲಾಭ, ಅಲ್ವಾ? ದೋಷ ಹುಡುಕುವಾಗಲೂ ಆ ಲಾಭವನ್ನೇ ಬಳಸಿಕೊಳ್ಳಬೇಕು.

ಅರ್ಧ ಅರ್ಧ ಮಾಡಿ ಹುಡುಕಿ

ಪಂಪ್ ಓಡುತ್ತಿದೆ, ಬೆರಳು ಅಲುಗುತ್ತಿಲ್ಲ ಅಂದುಕೊಳ್ಳಿ. ಬೆರಳನ್ನು ಕಳಚಿ ಗಾಳಿ ಪೆಟ್ಟಿಗೆಗೆ ಚೆನ್ನಾಗಿರುವ ಇನ್ನೊಂದು ಬೆರಳನ್ನು ಸಿಕ್ಕಿಸಿ. ಅದು ಬಾಗಿದರೆ ಪೆಟ್ಟಿಗೆ ಸರಿ ಇದೆ. ಅದೂ ಬಾಗದಿದ್ದರೆ ಬೆರಳಿನ ಮೇಲೆ ಅನುಮಾನ ಬೇಡ, ಪೆಟ್ಟಿಗೆ ಬಿಚ್ಚಿ. ಒಂದೇ ನಿಮಿಷದ ಕೆಲಸ. ಆದರೂ ಇದನ್ನು ಬಿಟ್ಟು ನೇರವಾಗಿ ಬೋರ್ಡಿನ ಪ್ರೋಗ್ರಾಮ್ ತಿದ್ದಲು ಕೂರುವವರಿದ್ದಾರೆ.

ಎರಡನೇ ಬೆರಳು ಇಲ್ಲದಿದ್ದರೆ ಟ್ಯೂಬನ್ನೇ ನಡುವೆ ಮಡಚಿ ಬಟ್ಟೆ ಕ್ಲಿಪ್ ಹಾಕಿ. ಬೆರಳಿನ ಬುಡದಲ್ಲಿ ಕ್ಲಿಪ್ ಹಾಕಿದಾಗ ಪಂಪಿನ ಸದ್ದು ಬದಲಾಗಿ ಭಾರವಾದರೆ ಅಲ್ಲಿಯವರೆಗೆ ಸೋರಿಕೆ ಇಲ್ಲ. ಸದ್ದು ಬದಲಾಗದೆ ಹಗುರವಾಗಿಯೇ ಓಡುತ್ತಿದ್ದರೆ ಕ್ಲಿಪ್ಪಿಗಿಂತ ಹಿಂದೆ ಎಲ್ಲೋ ಗಾಳಿ ಹೋಗುತ್ತಿದೆ. ಕ್ಲಿಪ್ಪನ್ನು ಪಂಪಿನ ಕಡೆಗೆ ಸರಿಸುತ್ತಾ ಬನ್ನಿ. ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿಂದ ಅದಕ್ಕೆ ಮೊದಲು ಕ್ಲಿಪ್ ಇದ್ದ ಜಾಗದವರೆಗಿನ ತುಂಡಿನಲ್ಲೇ ಕಳ್ಳ ಇದ್ದಾನೆ.

ಇನ್ನೂ ಖಚಿತವಾಗಿ ಬೇಕಿದ್ದರೆ ಬಿಪಿ ಮಾಪಕ ತೆಗೆಯಿರಿ. ಮುಳ್ಳಿನ ಡಯಲ್ ಇರುವುದು ಮಾತ್ರ. ಪಾದರಸದ ಕಂಬ ಇರುವ ಹಳೆಯದನ್ನು ಮುಟ್ಟಲೇಬೇಡಿ, ಒಡೆದರೆ ವಿಷ. ಡಯಲ್ ಮಾಪಕದ ಪಟ್ಟಿಯನ್ನು ಕಳಚಿ ಆ ಜಾಗಕ್ಕೆ ಬೆರಳನ್ನು ಸಿಕ್ಕಿಸಿ. ಈಗ ಪಂಪೂ ಇಲ್ಲ, ವಾಲ್ವೂ ಇಲ್ಲ. ನಿಮ್ಮ ಕೈಯ ರಬ್ಬರ್ ಬುರುಡೆ, ಡಯಲ್, ಬೆರಳು ಇಷ್ಟೇ. 60 ಮಿಲಿಮೀಟರಿಗೆ (ಬಿಪಿ ಅಳೆಯುವ ಪಾದರಸದ ಮಿಲಿಮೀಟರ್) ಏರಿಸಿ ತಿರುಪು ಮುಚ್ಚಿ. ಅದು 8 ಕಿಲೋಪ್ಯಾಸ್ಕಲ್ ಒತ್ತಡ. ಲೆಕ್ಕ ಸುಲಭ: 7.5 ಮಿಲಿಮೀಟರಿಗೆ 1 ಕಿಲೋಪ್ಯಾಸ್ಕಲ್.

ಮುಳ್ಳು ಮೊದಲು ಸ್ವಲ್ಪ ಇಳಿಯುತ್ತದೆ. ಗಾಬರಿ ಬೇಡ. ಮೆತ್ತನೆ ವಸ್ತು ಒತ್ತಡ ಬಿದ್ದ ಮೇಲೂ ನಿಧಾನವಾಗಿ ಹಿಗ್ಗುತ್ತಲೇ ಇರುತ್ತದೆ, ಒಳಗಿನ ಜಾಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ನೋಡಬೇಕಾದ್ದು ಎರಡನೇ ನಿಮಿಷವನ್ನು. ಮುಳ್ಳು ಒಂದು ಕಡೆ ನಿಂತರೆ ಅದು ಹಿಗ್ಗಿದ್ದು. ನಿಲ್ಲದೆ ಒಂದೇ ವೇಗದಲ್ಲಿ ಇಳಿಯುತ್ತಾ ಹೋದರೆ ಅದು ಸೋರಿಕೆ. ಈ ಎರಡನ್ನು ಬೇರೆ ಮಾಡಿ ನೋಡದೆ ಒಳ್ಳೆ ಬೆರಳನ್ನು ಪಾತ್ರೆಗೆ ಹಾಕುವವರು ಬಹಳ ಮಂದಿ.

ಇಲ್ಲೊಂದು ಮಾತು. ಮಾಪಕವೇ ಸೋರುತ್ತಿರಬಹುದು. ಹಳೆ ಬಿಪಿ ಸೆಟ್ಟಿನ ರಬ್ಬರ್ ಬುರುಡೆಯ ಹಿಂಬದಿಯ ಕವಾಟ ಗಟ್ಟಿಯಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬೆರಳು ಸಿಕ್ಕಿಸುವ ಮೊದಲು ಬರೀ ಟ್ಯೂಬನ್ನು ಮಡಚಿ ಹಿಡಿದು ಒತ್ತಡ ನಿಲ್ಲುತ್ತದೋ ನೋಡಿಕೊಳ್ಳಿ.

ಸೋರುವುದು ಹೆಚ್ಚಾಗಿ ಜೋಡಣೆಯೇ

ಹನಿ ನೀರಾವರಿಯ ಪೈಪು ಡಿಸೆಂಬರ್ ಚಳಿಯಲ್ಲಿ ಮರಗಟ್ಟುತ್ತದೆ. ಒತ್ತಿ ತೂರಿಸಿದರೆ ಒಂದು ಪಕ್ಕ ಮಾತ್ರ ಕೂರುತ್ತದೆ. ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿ ತೆಗೆದು ತೂರಿಸಿ, ತಣ್ಣಗಾದ ಮೇಲೆ ಹಿಡಿದುಕೊಳ್ಳುತ್ತದೆ. ಒಂದೇ ಪೈಪನ್ನು ಹಾಕಿ ತೆಗೆದು ಮಾಡುತ್ತಿದ್ದರೆ ತುದಿ ಅಗಲವಾಗುತ್ತದೆ. ತುದಿಯ ಬೆರಳಗಲ ಕತ್ತರಿಸಿ ಬಿಸಾಕಿ, ಹೊಸ ತುದಿ ಸಿಗುತ್ತದೆ. ಅದಕ್ಕೇ ಮೊದಲೇ ಪೈಪನ್ನು ಸ್ವಲ್ಪ ಉದ್ದ ಬಿಡಬೇಕು.

ಸೋರಿದರೆ ಅಂಟು ಸುರಿಯುವ ಚಟ ಬೇಡ. ತಕ್ಷಣ ಹಿಡಿಯುವ ಸೂಪರ್ ಗ್ಲೂ ತರದ ಅಂಟು ಪಾಲಿಥೀನಿಗೂ ಸಿಲಿಕೋನಿಗೂ ಸರಿಯಾಗಿ ಕಚ್ಚುವುದಿಲ್ಲ. ಹಿಡಿದಂತೆ ಕಾಣುತ್ತದೆ, ಬಾಗಿಸಿದರೆ ಸಿಪ್ಪೆಯಾಗಿ ಏಳುತ್ತದೆ. ಜೊತೆಗೆ ಮಾಡ್ಯೂಲನ್ನು ಇನ್ನು ಕಳಚಲೂ ಆಗುವುದಿಲ್ಲ, ಮತ್ತೆ ಬಳಸುವ ಮಾತೇ ಹೋಯಿತು. ದಾರದಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ, ಅಥವಾ ಸೈಕಲ್ ಟ್ಯೂಬಿನ ಸಣ್ಣ ಬಳೆ ಕತ್ತರಿಸಿ ಮೇಲೆ ಏರಿಸಿ.

ಅಯಸ್ಕಾಂತದಿಂದ ಮಾಡ್ಯೂಲ್ ಸೇರಿಸಿದ್ದರೆ ನೆನಪಿಡಿ: ಅಯಸ್ಕಾಂತ ಹಿಡಿದುಕೊಳ್ಳುತ್ತದೆ, ಗಾಳಿ ತಡೆಯುವುದಿಲ್ಲ. ತಡೆಯುವುದು ನಡುವಿನ ರಬ್ಬರ್ ಉಂಗುರ. ಒಂದು ಕಾಫಿ ಪುಡಿಯ ಕಣ ಉಂಗುರದ ಕೆಳಗೆ ಸಿಕ್ಕಿದರೂ ಸಾಕು. ನಮ್ಮ ಮಳೆಗೆ ನಿಯೋಡಿಮಿಯಂ ಅಯಸ್ಕಾಂತದ ಮೇಲಿನ ನಿಕ್ಕಲ್ ಲೇಪ ಎಲ್ಲಾದರೂ ಕೆತ್ತಿಹೋದರೆ ಒಳಗಿಂದ ತುಕ್ಕು ಉಬ್ಬಿ ಬರುತ್ತದೆ. ಆಮೇಲೆ ಎರಡು ಮುಖ ಸಮವಾಗಿ ಕೂರುವುದೇ ಇಲ್ಲ. ಉಗುರಲ್ಲಿ ಸವರಿ ನೋಡಿ, ಉಬ್ಬು ಕೈಗೆ ಸಿಗುತ್ತದೆ.

ಸೋರುವ ಜಾಗ ಕಣ್ಣಿಗೆ ಕಾಣಬೇಕಿದ್ದರೆ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಸೋಪಿನ ನೊರೆ ಹಚ್ಚಿ. ಜೆಲಾಟಿನ್ ಬೆರಳನ್ನು ಮಾತ್ರ ನೀರಲ್ಲಿ ಮುಳುಗಿಸಬೇಡಿ, ನೀರು ಕುಡಿದು ಊದಿಕೊಳ್ಳುತ್ತದೆ. ಅದಕ್ಕೆ ಕುಂಚದಲ್ಲಿ ತೆಳ್ಳಗೆ ತೆಂಗಿನೆಣ್ಣೆ ಸವರಿದರೆ ಗುಳ್ಳೆ ಚೆನ್ನಾಗಿ ಕಾಣುತ್ತದೆ. ತೇಪೆ ಹಾಕುವ ಮೊದಲು ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ತೇಪೆ ಕೂರುವುದಿಲ್ಲ. ಬಲೂನಿಗೆ ಎಣ್ಣೆ ತಾಗಿಸಲೇಬಾರದು. ಲ್ಯಾಟೆಕ್ಸ್ ಎಣ್ಣೆಗೆ ಕೊಳೆತ ಹಾಗೆ ಹರಿಯುತ್ತದೆ.

ಕಕ್ಕಡದಲ್ಲಿ ಜೋತುಬೀಳುವ ಬೆರಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕಡೆಯ ಅರ್ಧಕ್ಕರ್ಧ ತೊಂದರೆ ಇಲ್ಲೇ ಇದೆ.

ಜೆಲಾಟಿನ್ ಬೆರಳು ಮೆತ್ತಗೆ ಉಳಿಯುವುದು ಗ್ಲಿಸರಿನ್ನಿಂದ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಣ ಊರಲ್ಲಿ ಇದು ವರ, ಬೆರಳು ಬೇಗ ಬಿರುಕು ಬಿಡುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಕಕ್ಕಡ ಅನ್ನುವ ಕೊಡವ ತಿಂಗಳ ಮಳೆ ಬಿಡದೆ ಹೊಡೆಯುವಾಗ, ಅದೇ ಶಾಪ. ಒಂದೇ ಅಚ್ಚಿನ ಎರಡು ಬೆರಳಲ್ಲಿ ಒಂದನ್ನು ಕುಶಾಲನಗರದಲ್ಲಿ, ಇನ್ನೊಂದನ್ನು ಭಾಗಮಂಡಲದಲ್ಲಿ ಇಟ್ಟು ನೋಡಿ. ಕುಶಾಲನಗರದ್ದು ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಭಾಗಮಂಡಲದ್ದು ಅಂಟಂಟಾಗಿ, ದಪ್ಪಗಾಗಿ, ಬುಡದಿಂದಲೇ ಜೋತುಬೀಳುತ್ತದೆ. ಪಾಕ ಒಂದೇ, ಹವೆ ಬೇರೆ.

ಇದನ್ನು ಪತ್ತೆ ಮಾಡಲು ದೊಡ್ಡ ಉಪಕರಣ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಚ್ಚಿನಿಂದ ತೆಗೆದು ಹದಕ್ಕೆ ಬಂದ ದಿನ ಬೆರಳಿನ ತೂಕ ನೋಡಿ ಬುಡದಲ್ಲಿ ಚೀಟಿ ಕಟ್ಟಿ. ಎಷ್ಟು ಒತ್ತಡಕ್ಕೆ ಎಷ್ಟು ಬಾಗುತ್ತದೆ ಅನ್ನುವುದನ್ನೂ ಬರೆದಿಡಿ. ತೊಂದರೆ ಬಂದ ದಿನ ಮತ್ತೆ ತೂಗಿ. ತೂಕ ಏರಿದ್ದರೆ ನೀರು ಕುಡಿದಿದೆ. ಅಂಥ ಬೆರಳು ಕಡಿಮೆ ಒತ್ತಡಕ್ಕೇ ಜಾಸ್ತಿ ಬಾಗುತ್ತದೆ, ಏನನ್ನೂ ಎತ್ತುವುದಿಲ್ಲ, ಇನ್ನೂ ಒತ್ತಿದರೆ ಪಕ್ಕದಲ್ಲಿ ಒಡೆಯುತ್ತದೆ. ತೂಕ ಇಳಿದಿದ್ದರೆ ಒಣಗಿದೆ. ಜನವರಿ, ಫೆಬ್ರವರಿಯಲ್ಲಿ ಹೀಗಾಗುತ್ತದೆ. ಬೆರಳು ಬಿರುಸಾಗಿ, ಮಡಿಕೆಯ ಸಂದಿಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ತೂಕ ಹಾಗೇ ಇದ್ದು ಕೆಲಸ ಮಾತ್ರ ಕೆಟ್ಟಿದ್ದರೆ ತೇವದ ಮೇಲೆ ಗೂಬೆ ಕೂರಿಸಬೇಡಿ, ಬೇರೆ ಕಾರಣ ಹುಡುಕಿ.

ನೀರು ಕುಡಿದ ಬೆರಳನ್ನು ಒಣಗಿಸುವುದು ಹೇಗೆ? ನಮ್ಮ ಮನೆಗಳಲ್ಲಿ ಏನೇ ಒದ್ದೆಯಾದರೂ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಇದನ್ನು ಮಾತ್ರ ಕಳಿಸಬೇಡಿ. ತೇವ ಹೆಚ್ಚಿದ ಜೆಲಾಟಿನ್ ಮೈ ಬಿಸಿಗೇ ಮೆತ್ತಗಾಗುವ ವಸ್ತು, ಅಟ್ಟದ ಶಾಖಕ್ಕೆ ಆಕಾರ ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಆ ಪೊಟ್ಟಣಗಳನ್ನು ಬೇಕಿದ್ದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಅಕ್ಕಿ ಎಳೆಯುವ ತೇವ ಬಹಳ ಕಡಿಮೆ, ಜೊತೆಗೆ ಬೆರಳಿನ ಮೈತುಂಬಾ ಅಕ್ಕಿ ಅಂಟುತ್ತದೆ.

ಬಿಳಿ ನಾರಿನಂಥ ಬೂಷ್ಟು ಬಂದಿದ್ದರೆ ಒರೆಸಿ ಬಳಸುವುದು ಬೇಡ, ಕರಗಿಸುವುದೂ ಬೇಡ. ವಾಸನೆ ಬಂದ ಜೆಲಾಟಿನ್ ಗೊಬ್ಬರದ ಗುಂಡಿಗೆ. ಮುಂದಿನ ಪಾಕಕ್ಕೆ ಸ್ವಲ್ಪ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಸೇರಿಸಿ. ಆಸ್ಟ್ರಿಯಾದ ಲಿಂಜ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಜೆಲಾಟಿನ್ ರೋಬಾಟಿನ ಪಾಕದಲ್ಲೂ ಗ್ಲಿಸರಿನ್, ಸಕ್ಕರೆಯ ಜೊತೆ ಇದೇ ಇದೆ. ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಹಾಕಬಹುದಾ ಅಂತ ಇಲ್ಲಿ ಯಾರಾದರೂ ಕೇಳದೆ ಇರುವುದಿಲ್ಲ. ಹುಳಿ ಹೌದು. ಆದರೆ ಒಂದು ಮನೆಯ ಕಾಚಂಪುಳಿಯಷ್ಟು ಹುಳಿ ಇನ್ನೊಂದು ಮನೆಯದಕ್ಕಿಲ್ಲ. ಹುಳಿ ಹೆಚ್ಚಾದರೆ ಜೆಲಾಟಿನ್ ಸಡಿಲವಾಗುತ್ತದೆ. ಅದನ್ನು ಹಂದಿ ಕರಿಗೇ ಬಿಟ್ಟುಬಿಡಿ.

ಸಕ್ಕರೆ ಹಾಕಿದ ಬೆರಳಿಗೆ ಇರುವೆ ಬರುತ್ತದೆ. ಗ್ಲಿಸರಿನ್ ಕೂಡ ಸಿಹಿಯೇ. ಬೆಳಿಗ್ಗೆ ನೋಡಿದರೆ ಸೂಜಿಮೊನೆಯ ತೂತುಗಳು ಸಾಲಾಗಿ ಇದ್ದರೆ ಅಚ್ಚಿನ ಗುಳ್ಳೆಗಳನ್ನು ದೂರುವ ಮೊದಲು ಗೋಡೆಯ ಮೇಲೆ ಇರುವೆ ಸಾಲು ಇದೆಯೋ ನೋಡಿ.

ಜೆಲಾಟಿನ್ ಪ್ರಾಣಿಮೂಲದ್ದು ಅಂತ ಬೇಡವೆನ್ನುವವರು ಚೈನಾ ಗ್ರಾಸ್ ಹಾಕುತ್ತಾರೆ. ಅಚ್ಚು ಚೆಂದ ಬರುತ್ತದೆ, ಆದರೆ ಬಾಗಿಸಿದರೆ ಮುರಿಯುತ್ತದೆ. ಅದು ನಿಮ್ಮ ಕೈಯ ದೋಷವಲ್ಲ, ವಸ್ತುವಿನ ಗುಣ.

ಬಾಗುವ ಬದಲು ಉಬ್ಬುತ್ತದೆ

ಬೆರಳು ಒಂದು ಕಡೆಗೆ ಬಾಗುವುದು ಯಾಕೆ? ಅದರ ಹೊಟ್ಟೆಯ ಕಡೆ ಹಿಗ್ಗದ ಒಂದು ಪದರ ಇರುತ್ತದೆ, ಹತ್ತಿ ಬಟ್ಟೆಯೋ ಕಾಗದವೋ. ಬೆನ್ನು ಹಿಗ್ಗುತ್ತದೆ, ಹೊಟ್ಟೆ ಹಿಗ್ಗುವುದಿಲ್ಲ, ಹಾಗಾಗಿ ಬಾಗುತ್ತದೆ. 2011ರಲ್ಲಿ ಹಾರ್ವರ್ಡಿನಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ತೋರಿಸಿದ, ನಾಲ್ಕು ಕಾಲಿನಲ್ಲಿ ತೆವಳುವ ಸಿಲಿಕೋನ್ ರೋಬಾಟಿನದೂ ಇದೇ ಉಪಾಯ.

ಬೆರಳು ಬಾಗದೆ ನೆಟ್ಟಗೆ ಉದ್ದವಾಗುತ್ತಿದ್ದರೆ ಬಟ್ಟೆ ಬಿಟ್ಟುಕೊಂಡಿದೆ. ಬಟ್ಟೆ ಒಣಗಿದ್ದಾಗಲೇ ಜೆಲಾಟಿನ್ ಹೊಯ್ದರೆ ಎಳೆಗಳ ನಡುವಿನ ಗಾಳಿ ಅಲ್ಲೇ ಉಳಿದು ಹಿಡಿತ ಸಿಗುವುದಿಲ್ಲ. ಬಟ್ಟೆಯನ್ನು ಬಿಸಿ ಪಾಕದಲ್ಲಿ ಅದ್ದಿ ಹಿಂಡಿ ಆಮೇಲೆ ಹಾಸಬೇಕು. ಬಾಗುವಾಗ ಪಕ್ಕಕ್ಕೆ ತಿರುಚಿಕೊಂಡರೆ ಬಟ್ಟೆ ಓರೆಯಾಗಿ ಕೂತಿದೆ, ಅಥವಾ ಅಚ್ಚು ವಾಲಿಸಿ ಇಟ್ಟಿದ್ದರಿಂದ ಒಂದು ಪಕ್ಕದ ಗೋಡೆ ತೆಳುವಾಗಿದೆ.

ಒಂದೇ ಜಾಗದಲ್ಲಿ ಗುಳ್ಳೆ ಏಳುತ್ತಿದ್ದರೆ ಕೋಣೆ ಕತ್ತಲು ಮಾಡಿ, ಬೆರಳಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಜೆಲಾಟಿನ್ ಜೇನಿನ ಬಣ್ಣದಲ್ಲಿ ಬೆಳಗುತ್ತದೆ. ಗೋಡೆ ದಪ್ಪ ಇದ್ದಲ್ಲಿ ಕಂದು, ತೆಳುವಿದ್ದಲ್ಲಿ ತಿಳಿ ಹಳದಿ. ಒಳಗಿನ ಕೋಣೆಗಳ ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ. ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಮಿನುಗುತ್ತವೆ. ಒಂದು ಗುಳ್ಳೆ ಗೋಡೆಯ ಒಳಗೇ ಇದ್ದರೆ ಪರವಾಗಿಲ್ಲ, ಎರಡು ಮೂರು ಸಾಲಾಗಿ ಒಳಗಿಂದ ಹೊರಗಿನವರೆಗೆ ಇದ್ದರೆ ಅದೇ ಸೋರುವ ದಾರಿ. ಪೆನ್ನಿನಲ್ಲಿ ಗುರುತು ಹಾಕಿ, ಫೋಟೋ ತೆಗೆಯಿರಿ. ಕರಗಿಸಿದ ಮೇಲೆ ಉಳಿಯುವ ಸಾಕ್ಷಿ ಅದೊಂದೇ. ಸಣ್ಣ ತೂತಿಗೆ ಬಿಸಿ ಚಮಚದ ಬೆನ್ನು ತಾಗಿಸಿ, ಮೇಲೊಂದು ಹನಿ ಬಿಸಿ ಪಾಕ ಬಿಟ್ಟರೆ ಮೈಯೊಳಗೆ ಬೆಸೆದುಕೊಳ್ಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಕರಗಿಸಲೇಬೇಕು ಅಂದರೆ ಹೀಗೆ ಮಾಡಿ. ತುಂಡುಗಳನ್ನು ತೂಗಿ. ನೇರ ಬೆಂಕಿಗೆ ಇಡದೆ ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, 60ರಿಂದ 65 ಡಿಗ್ರಿಯಲ್ಲಿ ಕರಗಿಸಿ. ಕುದಿಸಿದರೆ ಜೆಲಾಟಿನ್ನಿನ ಉದ್ದ ಎಳೆಗಳು ತುಂಡಾಗುತ್ತವೆ, ಮುಂದಿನ ಬೆರಳು ಬಲವಿಲ್ಲದೆ ಹರಿಯುತ್ತದೆ. ಪ್ರತಿ ಸಲ ಕರಗಿಸುವಾಗಲೂ ನೀರು ಆವಿಯಾಗುತ್ತದೆ. ಕರಗಿದ ಮೇಲೆ ಮತ್ತೆ ತೂಗಿ, ಕಡಿಮೆಯಾದಷ್ಟು ನೀರು ಸೇರಿಸಿ. ಕರಗಿಸಿದಷ್ಟೂ ಬೆರಳು ಗಟ್ಟಿಯಾಗುತ್ತಿದೆ ಅನ್ನುವವರು ಬಿಟ್ಟಿರುವುದು ಈ ಒಂದು ಹೆಜ್ಜೆಯನ್ನೇ. ತೆಳು ಬಟ್ಟೆಯಲ್ಲಿ ಸೋಸಿ, ನೊರೆ ಮೇಲೆ ಬರುವ ತನಕ ಬೆಚ್ಚಗಿಟ್ಟು, ಅಚ್ಚಿನ ಗೋಡೆಗುಂಟ ನಿಧಾನವಾಗಿ ಹೊಯ್ಯಿರಿ.

ಕಾಫಿ ಹಿಡಿಕೆ ಗಟ್ಟಿಯಾಗುತ್ತಿಲ್ಲ

ನಮ್ಮೂರಿಗೆ ಹೇಳಿ ಮಾಡಿಸಿದ ಮಾಡ್ಯೂಲ್ ಇದು. ಬಲೂನಿನೊಳಗೆ ಕಾಫಿ ಪುಡಿ ತುಂಬಿ, ವಸ್ತುವಿನ ಮೇಲೆ ಒತ್ತಿ, ಗಾಳಿ ಎಳೆದರೆ ಪುಡಿ ಕಲ್ಲಾಗಿ ವಸ್ತುವನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ಬಿಟ್ಟರೆ ಸಡಿಲ. ವ್ಯಾಕ್ಯೂಮ್ ಪ್ಯಾಕಿನ ಕಾಫಿ ಪೊಟ್ಟಣ ಇಟ್ಟಿಗೆಯ ಹಾಗೆ ಇದ್ದು, ಮೂಲೆ ಕತ್ತರಿಸಿದ ಕೂಡಲೇ ಮೆತ್ತಗಾಗುತ್ತದಲ್ಲ, ಅದೇ ತತ್ವ. 2010ರಲ್ಲಿ ಅಮೆರಿಕದ ಕಾರ್ನೆಲ್, ಶಿಕಾಗೋ ವಿಶ್ವವಿದ್ಯಾಲಯಗಳು ಮತ್ತು ಐರೋಬಾಟ್ ಕಂಪನಿಯ ತಂಡ ಇದನ್ನು ಪ್ರಕಟಿಸಿತು. ಅವರೂ ತುಂಬಿದ್ದು ಕಾಫಿ ಪುಡಿಯನ್ನೇ.

ಮೊದಲ ಪರೀಕ್ಷೆ: ಪಂಪ್ ಕಳಚಿ, 50 ಮಿಲಿಲೀಟರಿನ ಸಿರಿಂಜ್ ಸಿಕ್ಕಿಸಿ ಕೈಯಲ್ಲೇ ಎಳೆಯಿರಿ. ಹಿಡಿಕೆ ಗಟ್ಟಿಯಾದರೆ ಬಲೂನೂ ಪುಡಿಯೂ ಸರಿ, ತೊಂದರೆ ಪಂಪಿನ ಕಡೆ. ಅಲ್ಲಿ ನೋಡಬೇಕಾದ್ದು ಸೋಸುಬಟ್ಟೆ. ಟ್ಯೂಬಿನ ಬಾಯಿಗೆ ಬಟ್ಟೆಯೋ ಹತ್ತಿಯೋ ಇಲ್ಲದಿದ್ದರೆ ಕಾಫಿಯ ಧೂಳು ನೇರ ಪಂಪಿಗೆ ಹೋಗುತ್ತದೆ. ಸಣ್ಣ ಪಂಪಿನೊಳಗೆ ಎಲೆಯಂಥ ರಬ್ಬರ್ ಕವಾಟಗಳಿವೆ. ಒಂದು ಕಣ ಅದರಡಿ ಕೂತರೆ ಕವಾಟ ಮುಚ್ಚುವುದಿಲ್ಲ. ಪಂಪ್ ಜೋರಾಗಿ ಓಡುತ್ತದೆ, ಗಾಳಿ ಮಾತ್ರ ಒಳಗೂ ಹೊರಗೂ ಅಲ್ಲೇ ಆಡುತ್ತದೆ. ಮುಚ್ಚಳದ ತಿರುಪು ಬಿಚ್ಚಿ ಒಣ ಕುಂಚದಲ್ಲಿ ಒರೆಸಿ. ಸೋಸುಬಟ್ಟೆ ತೀರಾ ದಟ್ಟವಾಗಿದ್ದರೆ ಉಲ್ಟಾ: ಹಿಡಿಕೆ ಗಟ್ಟಿಯಾಗುತ್ತದೆ, ಆದರೆ ತುಂಬಾ ನಿಧಾನ.

ಸಿರಿಂಜಿನಲ್ಲೂ ಗಟ್ಟಿಯಾಗದಿದ್ದರೆ ಪುಡಿ ನೋಡಿ. ಅಂಗಡಿಯ ಫಿಲ್ಟರ್ ಕಾಫಿ ಪುಡಿಯೇ? ಚಿಕೋರಿ ಬೆರೆತಿದ್ದರೆ ಅದೇ ಕಾರಣ. ಚಿಕೋರಿ ಕಾಫಿಗಿಂತ ಬೇಗ ತೇವ ಎಳೆದು ಅಂಟುಂಡೆಯಾಗುತ್ತದೆ. ಹಿಡಿಕೆ ಗಾಳಿ ಬಿಟ್ಟ ಮೇಲೂ ಸಡಿಲವಾಗದೆ ಮುದ್ದೆಯಾಗಿಯೇ ಉಳಿದರೆ ಚಿಕೋರಿಯೋ ತೇವವೋ ಎರಡರಲ್ಲಿ ಒಂದು. ಶುದ್ಧ ಕಾಫಿ ಪುಡಿ ಹಾಕಿ. ಕುಡಿದು ಉಳಿದ ಗಸಿಯೂ ಆಗುತ್ತದೆ, ಮತ್ತೆ ಬಳಸುವ ಲೆಕ್ಕದಲ್ಲಿ ಅದೇ ಒಳ್ಳೆಯದು. ಆದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಮೇಲೆ ಹಿಡಿದ ಸ್ಟೀಲ್ ತಟ್ಟೆಗೆ ಹಬೆ ಕಟ್ಟದ ತನಕ ಒಣಗಿಸಬೇಕು. ಮಳೆಗಾಲದಲ್ಲಿ ಅಂಗಳದ ಬಿಸಿಲು ನಂಬಿ ಕೂತರೆ ಗಸಿಗೆ ಬೂಷ್ಟು ಬರುತ್ತದೆ.

ಇನ್ನೊಂದು ದೋಷ ನಮ್ಮಲ್ಲೇ ಜಾಸ್ತಿ. ಪಂಪ್ ನಿಂತಿದೆ, ಟ್ಯೂಬ್ ಕ್ಲಿಪ್ ಹಾಕಿದೆ, ಆದರೂ ಬಲೂನು ತಾನೇ ಊದಿಕೊಳ್ಳುತ್ತದೆ. ಪುಡಿ ಇವತ್ತೇ ಹುರಿದು ಬೀಸಿದ್ದಾ ಕೇಳಿ. ಹೊಸದಾಗಿ ಹುರಿದ ಕಾಫಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕಾಫಿ ಪೊಟ್ಟಣಗಳಿಗೆ ಸಣ್ಣ ಕವಾಟ ಇಡುವುದೂ ಇದಕ್ಕೇ. ಪುಡಿಯನ್ನು ಬಾಯಿಗೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿ, ಒಣ ಜಾಗದಲ್ಲಿ, ಕೆಲವು ದಿನ ಬಿಟ್ಟು ತುಂಬಿ. ಗಸಿಗೆ ಈ ತೊಂದರೆ ಇಲ್ಲ.

ಮಂಗಳೂರಲ್ಲಿ ಚೆನ್ನಾಗಿ ಎತ್ತುತ್ತಿದ್ದ ಹಿಡಿಕೆ ಮಡಿಕೇರಿಯಲ್ಲಿ ಸೋಲುತ್ತಿದೆಯೇ? ಬಿಚ್ಚಬೇಡಿ. ಹಿಡಿಕೆಯನ್ನು ಒತ್ತಿ ಗಟ್ಟಿ ಮಾಡುವುದು ಹೊರಗಿನ ಗಾಳಿಯ ಭಾರ. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿ ಸುಮಾರು 88 ಮಾತ್ರ. ಪಂಪ್ ಎಷ್ಟೇ ಒಳ್ಳೆಯದಿದ್ದರೂ ಎಂಟರಲ್ಲಿ ಒಂದು ಪಾಲು ಬಲ ಘಾಟಿ ಹತ್ತುವಾಗಲೇ ಕಡಿಮೆಯಾಗಿರುತ್ತದೆ. ಕೆಳಗೆ ಮುಚ್ಚಿದ ಚಿಪ್ಸ್ ಪೊಟ್ಟಣ ಮೇಲೆ ಬಂದಾಗ ಉಬ್ಬಿರುವುದಕ್ಕೂ ಕಾರಣ ಇದೇ. ದೊಡ್ಡ ಬಲೂನು ಹಾಕಿ, ಅಥವಾ ಹಗುರ ವಸ್ತು ಎತ್ತಿಸಿ. ಮೇಜಿನ ಮೇಲೆ ಚಪ್ಪಟೆ ಮಲಗಿರುವ ಕಾಗದ, ನಾಣ್ಯ ಇಂಥವನ್ನು ಈ ಹಿಡಿಕೆ ಎಲ್ಲೂ ಎತ್ತುವುದಿಲ್ಲ. ಅದು ವಸ್ತುವಿನ ಪಕ್ಕಗಳನ್ನು ಬಳಸಿ ಹಿಡಿಯಬೇಕು. ಸಣ್ಣ ಕಿತ್ತಳೆ ಇಟ್ಟು ಪರೀಕ್ಷೆ ಮಾಡಿ.

ಸ್ನಾಯು ಕುಗ್ಗುವ ಬದಲು ಉದ್ದವಾಗುತ್ತದೆ

ಬಲೂನಿನ ಮೇಲೆ ಹೆಣೆದ ಜಾಲರಿ ಹಾಕಿದ ಸ್ನಾಯು ಇದು. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬನ್ ಪೋಲಿಯೋ ಆಗಿದ್ದ ಮಗಳ ಕೈಗೆಂದು ಇಂಥದ್ದನ್ನು ಬಳಸಿದ್ದರಿಂದ ಇದಕ್ಕೆ ಮೆಕಿಬನ್ ಸ್ನಾಯು ಅಂತ ಅವರ ಹೆಸರೇ ಬಂತು.

ದೋಷ ಹೆಚ್ಚಾಗಿ ಜಾಲರಿಯ ಕೋನದಲ್ಲಿದೆ. ಸ್ನಾಯುವಿನ ಉದ್ದಕ್ಕೆ ಗೆರೆ ಎಳೆದು, ಎಳೆ ಆ ಗೆರೆಗೆ ಎಷ್ಟು ಓರೆ ಇದೆ ಅಂತ ಕೋನಮಾಪಕದಲ್ಲಿ ನೋಡಿ. 54.7 ಡಿಗ್ರಿಗಿಂತ ಕಡಿಮೆ ಇದ್ದರೆ ಗಾಳಿ ತುಂಬಿದಾಗ ಕುಗ್ಗುತ್ತದೆ. ಜಾಸ್ತಿ ಇದ್ದರೆ ಉದ್ದವಾಗುತ್ತದೆ. ಕಟ್ಟುವಾಗ ಜಾಲರಿಯನ್ನು ಒತ್ತಿ ಗಿಡ್ಡ ಮಾಡಿದರೆ ಕೋನ ಏರಿಬಿಡುತ್ತದೆ. ಚೆನ್ನಾಗಿ ಎಳೆದು ಹಿಡಿದು ಎರಡೂ ತುದಿ ಕಟ್ಟಿ.

ಒಳಗೆ ಬಲೂನಿನ ಬದಲು ಸೈಕಲ್ ಟ್ಯೂಬ್ ಹಾಕಿದ್ದು, ಸ್ನಾಯು ಅಲುಗುತ್ತಲೇ ಇಲ್ಲ ಅಂದರೆ ಒತ್ತಡ ಸಾಲುತ್ತಿಲ್ಲ. ಬಿಪಿ ಯಂತ್ರದ ಪುಟ್ಟ ಪಂಪ್ ಮಾಡಬೇಕಿರುವುದು 300 ಮಿಲಿಮೀಟರ್, ಅಂದರೆ 40 ಕಿಲೋಪ್ಯಾಸ್ಕಲ್. ದಪ್ಪ ಟ್ಯೂಬನ್ನು ಹಿಗ್ಗಿಸುವುದರಲ್ಲೇ ಅದು ಮುಗಿಯುತ್ತದೆ. ಸೈಕಲ್ ಪಂಪ್ ಬಳಸುವುದಾದರೆ ಕಣ್ಣಿಗೆ ಕನ್ನಡಕ ಇರಲಿ, ತುದಿಗಳ ಎದುರು ಯಾರೂ ನಿಲ್ಲಬಾರದು. ಬಲೂನಿನದಾದರೆ ರಾತ್ರಿ ತುಂಬಿಟ್ಟದ್ದು ಬೆಳಿಗ್ಗೆ ಸ್ವಲ್ಪ ಇಳಿದಿರುವುದು ಸಹಜ, ಲ್ಯಾಟೆಕ್ಸಿನ ಮೈಯಿಂದಲೇ ಗಾಳಿ ನಿಧಾನವಾಗಿ ಹೋಗುತ್ತದೆ. ಸೈಕಲ್ ಟ್ಯೂಬಿನ ಬ್ಯುಟೈಲ್ ರಬ್ಬರಿನಲ್ಲಿ ಹಾಗಾಗುವುದಿಲ್ಲ, ಇಳಿದರೆ ಅದು ನಿಜವಾದ ಸೋರಿಕೆ. ತೇಪೆ ನಿಲ್ಲುತ್ತಿಲ್ಲವಾದರೆ ಟ್ಯೂಬ್ ಒಣಗಿಲ್ಲ, ಅಥವಾ ಉಜ್ಜಿದ್ದು ಸಾಲದು.

ಪ್ಲಾಸ್ಟಿಕ್ ಚೀಲ, ಸಿಲಿಕೋನ್

ಗೊಬ್ಬರದ ಚೀಲದ ಒಳಪದರವನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಬೆಸೆದು ಮಾಡಿದ ಚೀಲ ಸೋರಿದರೆ ಬೆಸುಗೆಯ ಗೆರೆಯಲ್ಲಿ ಧೂಳೋ ನೀರೋ ಇತ್ತು. ತೊಳೆದು, ಪೂರ್ತಿ ಒಣಗಿಸಿ, ಮೇಲೆ ಬಟರ್ ಪೇಪರ್ ಇಟ್ಟು ಮತ್ತೆ ಬೆಸೆಯಿರಿ. ಹಾಲಿನ ಪ್ಯಾಕೆಟ್ ಆದರೆ ಜಿಡ್ಡು ಹೋಗುವಂತೆ ಸೋಪು ಹಾಕಿ ತೊಳೆಯಬೇಕು. ಚಿಪ್ಸ್ ಪೊಟ್ಟಣದ ಒಳಮುಖಕ್ಕೆ ಒಳಮುಖ ಮಾತ್ರ ಬೆಸೆಯುತ್ತದೆ. ಸಸಿ ಬೆಳೆಸುವ ಕಪ್ಪು ಚೀಲ ಬೇಡ, ಅದರಲ್ಲಿ ನೀರು ಇಳಿಯಲು ಮೊದಲೇ ತೂತು ಹೊಡೆದಿರುತ್ತಾರೆ. ಇದನ್ನು ಮರೆತು ಅರ್ಧ ದಿನ ಸೋರಿಕೆ ಹುಡುಕಿದವರನ್ನು ನೋಡಿದ್ದೇನೆ.

ಸಿಲಿಕೋನ್ ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ. ಸಣ್ಣಗೆ ಕತ್ತರಿಸಿ ಹೊಸದರೊಳಗೆ ತುಂಬಲು ಬಳಸಬಹುದು, ಅಷ್ಟೇ. ಎರಡು ಭಾಗ ಬೆರೆಸುವ ಸಿಲಿಕೋನ್ ಅಂಟಂಟಾಗಿ ಉಳಿದರೆ ಎಲ್ಲಿ ಅಂಟು ಇದೆ ನೋಡಿ. ಮೈಯೆಲ್ಲ ಅಂಟಾಗಿದ್ದರೆ ಅಳತೆಯೋ ಬೆರೆಸಿದ್ದೋ ಸರಿಯಿಲ್ಲ. ಮುಟ್ಟಿದ ಮುಖದಲ್ಲಿ ಮಾತ್ರ ಇದ್ದರೆ ಏನೋ ತಡೆದಿದೆ: ಲ್ಯಾಟೆಕ್ಸ್ ಕೈಗವಸು, ಗಂಧಕ ಇರುವ ಜೇಡಿ, ಇಂಥವು ತಗುಲಿದರೆ ಪ್ಲಾಟಿನಂ ಬಗೆಯ ಸಿಲಿಕೋನ್ ಗಟ್ಟಿಯಾಗುವುದಿಲ್ಲ. ಚಳಿಗೆ ಬರೀ ನಿಧಾನವಾಗುತ್ತದೆ. ಅದಕ್ಕೆ ತಾಳ್ಮೆ ಸಾಕು.

ಬೋರ್ಡು ಮತ್ತು ಕರೆಂಟು

ಪಂಪ್ ಶುರುವಾದ ತಕ್ಷಣ ಬೋರ್ಡ್ ರೀಸೆಟ್ ಆದರೆ ಪ್ರೋಗ್ರಾಮ್ ಮುಟ್ಟಬೇಡಿ. ಮೋಟರ್ ಹೊರಡುವಾಗ ಜಾಸ್ತಿ ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತಿದೆ. ಪಂಪಿಗೂ ಬೋರ್ಡಿಗೂ ಬೇರೆ ಬೇರೆ ಬ್ಯಾಟರಿ ಕೊಡಿ, ನೆಲದ ತಂತಿ (ಗ್ರೌಂಡ್) ಮಾತ್ರ ಒಂದೇ ಇರಲಿ. ವಾಲ್ವ್ ಬಿಟ್ಟಾಗ ರೀಸೆಟ್ ಆದರೆ ಅದರ ಸುರುಳಿಗೆ ಅಡ್ಡಲಾಗಿ ಡಯೋಡ್ ಇಲ್ಲ, ಅಥವಾ ಉಲ್ಟಾ ಇದೆ. 1ಎನ್4007 ಅನ್ನುವ ಡಯೋಡ್ ಒಂದು ಸಾಕು.

ವಾಲ್ವಿನ ಟಿಕ್ ಸದ್ದು ಕೇಳುತ್ತಿದೆ, ಗಾಳಿ ಮಾತ್ರ ಉಲ್ಟಾ ಹೋಗುತ್ತಿದೆ ಅಂದರೆ ಟ್ಯೂಬುಗಳನ್ನು ಅದಲು ಬದಲು ಸಿಕ್ಕಿಸಿದ್ದೀರಿ. ಬೋರ್ಡಿನ ತಾಮ್ರದ ಮೇಲೆ ಹಸಿರು ಪುಡಿ ಕಂಡರೆ ಅದು ಮಳೆಯ ಕೆಲಸ. ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ, ಒಣಗಿಸಿ ಮುಚ್ಚಿಡಿ.

ಕೊನೆಯ ದೋಷ ಪತ್ತೆಗೆ ಸಿಗುವುದೇ ಕಷ್ಟ. ಬೆರಳು ಶುರುವಿನಲ್ಲಿ ಚೆನ್ನಾಗಿ ಬಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬುಡದಲ್ಲಿ ಸೋರುತ್ತದೆ. ಕಳಚಿ ಬಿಪಿ ಮಾಪಕಕ್ಕೆ ಹಾಕುವಷ್ಟರಲ್ಲಿ ಮತ್ತೆ ಸರಿ! ಜೋಡಣೆ ಬದಲಿಸಿದರೂ ಅಷ್ಟೇ, ಬೆರಳು ಬದಲಿಸಿದರೂ ಅಷ್ಟೇ. ಇಂಥ ಕಡೆ ವಾಲ್ವಿನ ಮೈ ಮುಟ್ಟಿ ನೋಡಿ. ತೆರೆದು ಹಿಡಿದಷ್ಟು ಹೊತ್ತೂ ಅದರ ಸುರುಳಿಯಲ್ಲಿ ಕರೆಂಟ್ ಹರಿದು ಬಿಸಿಯಾಗುತ್ತದೆ. ಜಾಗ ಉಳಿಸಲು ಬೆರಳಿನ ಬುಡವನ್ನು ವಾಲ್ವಿಗೆ ಒತ್ತಿಕೊಂಡು ಕೂರಿಸಿದ್ದರೆ ಆ ಬಿಸಿಗೆ ಜೆಲಾಟಿನ್ ಮೆತ್ತಗಾಗಿ ಟ್ಯೂಬಿನ ಸುತ್ತ ಬಿಗಿ ಬಿಡುತ್ತದೆ, ಕಳಚಿದಾಗ ತಣ್ಣಗಾಗಿ ಮತ್ತೆ ಬಿಗಿಯುತ್ತದೆ. ವಾಲ್ವನ್ನು ನಾಲ್ಕು ಬೆರಳಷ್ಟು ದೂರ ಸರಿಸಿ, ನಡುವೆ ಒಂದು ಹೆಂಚಿನ ಚೂರು ಇಡಿ. ತೆರೆದೇ ಇರಬೇಕಾದ ಕೆಲಸ ಜಾಸ್ತಿ ಇದ್ದರೆ ಕರೆಂಟ್ ಇಲ್ಲದಾಗ ತೆರೆದಿರುವ ಬಗೆಯ ವಾಲ್ವ್ ಹಾಕಿಸಿಕೊಳ್ಳಿ. ಬ್ಯಾಟರಿಯೂ ಉಳಿಯುತ್ತದೆ.